ಹೆರಿಟೇಜ್ ಹೊಸ್ತಿಲಿಗೆ ಅತ್ತೆಯ ಅರಿಶಿನ

ನಮ್ಮತ್ತೆಯ ಮೂರು ಬೆರಳುಗಳು ಈಗ ಮಿಶಿಗನ್‌ನ ಒಂದು ಊರಿನ ಸರಕಾರಿ ಫೈಲಿನಲ್ಲಿವೆ.

ಗಾಬರಿಯಾಗಬೇಡಿ. ಪೊಲೀಸರ ಫೈಲಲ್ಲ, ಬೆರಳಚ್ಚೂ ಅಲ್ಲ. ಹಳೆಯ ಕಟ್ಟಡಗಳನ್ನು ಕಾಯುವ ಹೆರಿಟೇಜ್ ಕಮಿಟಿಯ ಫೈಲು. ಅದರಲ್ಲಿ ‘ಬಲಗೈಯ ಮೂರು ಬೆರಳುಗಳಿಂದ, ಎಡದಿಂದ ಬಲಕ್ಕೆ’ ಎಂದು ಇಂಗ್ಲಿಷಿನಲ್ಲಿ ಬರೆದ ಫಾರ್ಮಿಗೆ ಸೀಲು ಹೊಡೆದು ಇಟ್ಟಿದ್ದಾರೆ. ಬರೆದವಳು ನಾನೇ. ಸಹಿ ಹಾಕಿದವಳೂ ನಾನೇ. ಹನ್ನೊಂದು ವರ್ಷ ಇಂಜಿನಿಯರ್ ಆಗಿದ್ದವಳು ಇಂಥದ್ದಕ್ಕೆಲ್ಲ ಸಹಿ ಹಾಕುವ ಕಾಲ ಬಂತಲ್ಲ ಎಂದು ನೀವು ಮರುಗಬಹುದು. ಮೊದಲೆರಡು ದಿನ ನಾನೂ ಮರುಗಿದೆ. ಆಮೇಲೆ ನಗು ಬಂತು.

ಮೊದಲಿನಿಂದಲೇ ಹೇಳುತ್ತೇನೆ.

ನಾನು ಇದೇ ಮಿಶಿಗನ್‌ನ ಟ್ರಾಯ್ ಊರಿನ ಒಂದು ಕಂಪನಿಯಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಸೀಲ್‌ಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಬಾಗಿಲು ಹಾಕಿದ ಮೇಲೆ ಗಾಳಿ ನುಗ್ಗಬಾರದು, ನೀರು ಸೋರಬಾರದು. ಅಷ್ಟೇ ಕೆಲಸ. ಹನ್ನೊಂದು ವರ್ಷದಲ್ಲಿ ನಾನು ಪಾಸ್ ಮಾಡಿದ ಬಾಗಿಲೊಳಗೆ ಒಂದು ಹನಿ ನೀರು ಬಂದಿಲ್ಲ. ಆದರೆ ರಿಸೆಷನ್ ಬಂತು. ಕಾರೇ ಮಾರಾಟವಾಗದಿದ್ದರೆ ಅದರ ಬಾಗಿಲಿಗೆ ಯಾರಿಗೆ ಬೇಕು ಸೀಲು? ಅಕ್ಟೋಬರಿನ ಒಂದು ಬೆಳಿಗ್ಗೆ ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ಮೇಜಿನ ಸಾಮಾನು ತುಂಬಿಸಿ, ಮನೆಗೆ ಕಳಿಸಿದರು. ಡಿಯರ್‌ಬಾರ್ನ್‌ನ ಕಾರಿನ ಕಂಪನಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ರಘು ಅದಕ್ಕೂ ಎರಡು ತಿಂಗಳ ಮುಂಚೆಯೇ ಅಂಥದ್ದೇ ಡಬ್ಬ ಹಿಡಿದು ಮನೆಗೆ ಬಂದಿದ್ದರು. ಎರಡನ್ನೂ ಗರಾಜಿನಲ್ಲಿ ಅಕ್ಕಪಕ್ಕ ಇಟ್ಟೆವು.

ಆಗ ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಾಲಿನಲ್ಲಿ ಯಾರೂ ‘ಚೆನ್ನಾಗಿದೀರಾ’ ಎಂದು ಕೇಳುತ್ತಿರಲಿಲ್ಲ. ‘ಇನ್ನೂ ಇದೀರಾ?’ ಎನ್ನುತ್ತಿದ್ದರು. ಕೆಲಸದಲ್ಲಿ ಎಂದು ಅರ್ಥ. (ಊರಿನಿಂದ ಬಂದಿದ್ದ ನಮ್ಮತ್ತೆ ಇದನ್ನು ತಿಳಿಯದೆ ‘ಇದೀನಪ್ಪಾ, ಏನೋ ದೇವರ ದಯೆ’ ಎಂದು ಉತ್ತರಿಸಿದ್ದೂ ಉಂಟು.)

ಇಂಥ ಹೊತ್ತಿನಲ್ಲಿ ನನಗೊಂದು ಯಹೂದಿ ಶಾಲೆಯಲ್ಲಿ ಕಟ್ಟಡದ ರಿಪೇರಿ, ಅರ್ಜಿ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಮಕ್ಕಳು ಬೆಳಿಗ್ಗೆ ಹೀಬ್ರೂ ಮತ್ತು ತಮ್ಮ ಧರ್ಮಗ್ರಂಥ ಓದಿ, ಮಧ್ಯಾಹ್ನ ಎಲ್ಲರಂತೆ ಗಣಿತ, ವಿಜ್ಞಾನ ಕಲಿಯುವ ಶಾಲೆ ಅದು. ಶಾಲೆ ಇರುವುದು ಒಂದು ಅರಮನೆಯಂಥ ಕಲ್ಲಿನ ಬಂಗಲೆಯಲ್ಲಿ. ಹಿಂದೆ ಯಾವನೋ ಕಾರಿನ ಬಿಡಿಭಾಗಗಳಿಂದ ದುಡ್ಡು ಮಾಡಿದ ಸಾಹುಕಾರ ಕಟ್ಟಿಸಿದ್ದು. ಸುತ್ತ ತೋಟ, ಕೊಳ, ಕುದುರೆಲಾಯ. ಲಾಯದಲ್ಲಿ ಈಗ ಲೈಬ್ರರಿ ಇದೆ. ಇಡೀ ಆವರಣ ಹೆರಿಟೇಜ್ ಪಟ್ಟಿಯಲ್ಲಿದೆ.

ಮೈಸೂರಿನಲ್ಲಿ ಬೆಳೆದ ನನಗೆ ಹೆರಿಟೇಜ್ ಕಟ್ಟಡ ಹೊಸದೇ? ಅಲ್ಲಿ ಹೆರಿಟೇಜ್ ಎಂದರೆ ಮುಂದೊಂದು ಬೋರ್ಡು, ಹಿಂದೊಂದು ಬಿರುಕು. ಇಲ್ಲಿ ಹೆರಿಟೇಜ್ ಎಂದರೆ ಫಾರ್ಮು. ಬಾಗಿಲಿನ ಹಿಡಿ ಸಡಿಲವಾದರೆ ಫಾರ್ಮು. ಕಿಟಕಿ ಎತ್ತುವ ಹಗ್ಗ ಹರಿದರೆ ಫಾರ್ಮು, ಜೊತೆಗೆ ಹರಿದ ಹಗ್ಗದ ಫೋಟೋ. ಸಾಹುಕಾರನ ನಾಯಿಗೊಂದು ಪುಟ್ಟ ಮನೆಯಿದೆ, ಹೆಂಚು ಹೊದಿಸಿದ್ದು. ಅದೂ ಪಟ್ಟಿಯಲ್ಲಿದೆ. ಐದನೇ ಕ್ಲಾಸಿನ ಸೂರು ಸೋರುತ್ತಿದ್ದಾಗ ಕಮಿಟಿಯವರು ಮೊದಲು ರಿಪೇರಿ ಮಾಡಿಸಿದ್ದು ನಾಯಿಮನೆಯ ಸೂರನ್ನು. (ನಾಯಿ ಸತ್ತು ಎಷ್ಟು ಕಾಲವಾಯಿತೋ, ಅದಕ್ಕೇ ಗೊತ್ತು.)

ಶಾಲೆಯ ಮುಖ್ಯಸ್ಥೆ ಮಿರಿಯಮ್. ಅರವತ್ತು ದಾಟಿದ, ಮಾತಿಗೆ ಮೊದಲು ಕನ್ನಡಕ ತೆಗೆಯುವ ಹೆಂಗಸು. ಇಂಟರ್‌ವ್ಯೂನಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ.

‘ನಿಮ್ಮ ಕಂಪನೀಲಿ ಒಂದು ಸ್ಕ್ರೂ ಬದಲಾಯಿಸೋಕೆ ಎಷ್ಟು ಸಹಿ ಬೇಕಿತ್ತು?’

‘ಎಂಟು.’

‘ಇಲ್ಲಿ ಒಂಬತ್ತು. ಸೋಮವಾರದಿಂದ ಬನ್ನಿ.’

ಆಕೆಯ ಆಫೀಸಿನ ಗೋಡೆಯ ಮೇಲೊಂದು ಹಳೇ ಕಾಗದಕ್ಕೆ ಫ್ರೇಮು ಹಾಕಿದ್ದರು. ಯಾವುದೋ ಪ್ರಶಸ್ತಿಪತ್ರ ಎಂದುಕೊಂಡು ಓದಿದೆ. ಈ ಆಸ್ತಿಯ ಹಳೆಯ ಕ್ರಯಪತ್ರ. ಈ ಮನೆಯನ್ನು ಯಹೂದಿಗಳಿಗಾಗಲಿ, ಬಿಳಿಯರಲ್ಲದವರಿಗಾಗಲಿ ಮಾರಕೂಡದು ಎಂದು ಸಾಹುಕಾರ ಅದರಲ್ಲಿ ಚೊಕ್ಕ ಅಕ್ಷರದಲ್ಲಿ ಬರೆಸಿದ್ದ.

‘ಇದೂ ನಮ್ಮ ಹೆರಿಟೇಜೇ’ ಎಂದರು ಮಿರಿಯಮ್.

ನನ್ನದು ತೊಂಬತ್ತು ದಿನಗಳ ಪ್ರೊಬೇಷನ್. ಅದು ಮುಗಿದರೆ ಕೆಲಸ ಕಾಯಂ, ಮನೆಯ ನಾಲ್ಕೂ ಜನಕ್ಕೆ ಇನ್ಷೂರೆನ್ಸ್. ನಾಲ್ಕು ಎಂದರೆ ನಾನು, ರಘು, ಎಂಟು ವರ್ಷದ ಅವಳಿ ಹೆಣ್ಣುಮಕ್ಕಳು. ಅಮೆರಿಕದಲ್ಲಿ ಇನ್ಷೂರೆನ್ಸ್ ಇಲ್ಲದೆ ಮಕ್ಕಳನ್ನು ಸೈಕಲ್ ಮೇಲೆ ಕೂರಿಸಲೂ ಭಯ. ನಾನು ದಿನ ಎಣಿಸುತ್ತಿದ್ದೆ.

ಆದರೆ ನಡುವೆ ಒಂದು ತೂತು ಅಡ್ಡ ಬಂತು.

ಶಾಲೆಯನ್ನು ಬೆಚ್ಚಗಿಡುವ ಹಳೇ ಬಾಯ್ಲರ್ ಕೈಕೊಟ್ಟಿತ್ತು. ಜನವರಿಯ ಚಳಿ. ಕ್ಲಾಸಿನಲ್ಲಿ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ (ಊರಿನ ಲೆಕ್ಕದಲ್ಲಿ ಹದಿನಾಲ್ಕು), ಮಕ್ಕಳು ಗ್ಲೌಸ್ ಹಾಕಿಕೊಂಡು ಕೂಡುವ ಲೆಕ್ಕ ಮಾಡುತ್ತಿದ್ದವು. ಹೊಸ ಬಾಯ್ಲರ್ ನೆಲಮಾಳಿಗೆಗೆ ಬಂದು ಪ್ಯಾಕಿಂಗ್ ಕೂಡ ಬಿಚ್ಚದೆ ನಿಂತಿತ್ತು. ಅದರ ಹೊಗೆ ಆಚೆ ಹೋಗಲು ಹಿಂದಿನ ಗೋಡೆಯಲ್ಲಿ ದೋಸೆ ಹೆಂಚಿನಷ್ಟು ಅಗಲದ ತೂತು ಬೇಕು. ಕಮಿಟಿ ಎರಡು ಸಲ ಬೇಡವೆಂದಿತ್ತು. ಮೂರನೆಯ ಅರ್ಜಿ ನನ್ನದು, ನಲವತ್ತು ಪುಟದ್ದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಮಿಟಿಯ ಇನ್‌ಸ್ಪೆಕ್ಟರ್ ಬರುತ್ತಾರೆಂದು ಗೊತ್ತಾಯಿತು. ಪ್ರೊಬೇಷನ್ ಮುಗಿಯಲು ಹನ್ನೆರಡು ದಿನ ಬಾಕಿ.

‘ವೀಣಾ, ಈ ತೂತು ಸಿಗದಿದ್ರೆ ನಿಮ್ಮನ್ನ ಇಟ್ಕೊಳ್ಳೋದು ನಂಗೆ ಕಷ್ಟ ಆಗತ್ತೆ’ ಎಂದರು ಮಿರಿಯಮ್, ಕನ್ನಡಕ ತೆಗೆದು.

ಈಗ ಅತ್ತೆಯ ವಿಷಯಕ್ಕೆ ಬರೋಣ.

ನಮ್ಮತ್ತೆಗೆ ಎಪ್ಪತ್ತೊಂದು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಶುಕ್ರವಾರ ಬಂತೆಂದರೆ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮದ ಬೊಟ್ಟಿಡುವುದು ಅವರಿಗೆ ಉಸಿರಾಡಿದಷ್ಟು ಸಹಜ. ಟ್ರಾಯ್‌ನ ನಮ್ಮ ಬಡಾವಣೆಯ ಮನೆಯಲ್ಲಿ ಮುಂಬಾಗಿಲು, ಹಿಂಬಾಗಿಲು ಎರಡಕ್ಕೂ ಹಚ್ಚುತ್ತಾರೆ. ಮನೆಯವರೆಲ್ಲ ಗರಾಜಿನಿಂದಲೇ ಒಳಗೆ ಬರುವುದನ್ನು ನೋಡಿ, ಲಕ್ಷ್ಮಿಯೂ ಅಲ್ಲಿಂದಲೇ ಬಂದರೆ ಎಂದು ಗರಾಜಿನ ಅಲ್ಯೂಮಿನಿಯಂ ಪಟ್ಟಿಗೂ ಹಚ್ಚತೊಡಗಿದರು. (ನಮ್ಮ ಕಾರಿನ ಟೈರುಗಳಲ್ಲಿ ಸದಾ ಮಂಗಳಕರ ಹಳದಿ ಇರುತ್ತದೆ.)

ಇನ್‌ಸ್ಪೆಕ್ಟರ್ ಬರುವ ಸೋಮವಾರದ ಹಿಂದಿನ ಶುಕ್ರವಾರ ರಘು ಗೆಳೆಯರೊಬ್ಬರ ಕಾರಿನಲ್ಲಿ ಇಂಟರ್‌ವ್ಯೂಗೆಂದು ನಾಲ್ಕೈದು ಗಂಟೆ ದೂರದ ನೇಪರ್‌ವಿಲ್‌ಗೆ ಹೋಗಿದ್ದರು. ಅತ್ತೆಯನ್ನು ಮನೆಯಲ್ಲಿ ಒಬ್ಬರೇ ಬಿಡುವಂತಿರಲಿಲ್ಲ. ಹಿಂದಿನ ವಾರವಷ್ಟೇ ಅವರು ಕರ್ಪೂರ ಹಚ್ಚಿ, ಸ್ಮೋಕ್ ಅಲಾರಂ ಕೂಗಿ, ಫೈರ್ ಇಂಜಿನ್ ಬಂದಿತ್ತು. ಹೆಲ್ಮೆಟ್ ತೊಟ್ಟ ನಾಲ್ವರು ಆಜಾನುಬಾಹುಗಳಿಗೆ ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿದ್ದರು. ಹಾಗಾಗಿ ಮಿರಿಯಮ್‌ಗೆ ಫೋನ್ ಮಾಡಿದೆ. ‘ಕರ್ಕೊಂಡು ಬನ್ನಿ, ಇವತ್ತು ಒಂದು ಗಂಟೆಗೇ ಮುಗಿಯತ್ತಲ್ಲ’ ಎಂದರು. ಶುಕ್ರವಾರ ಸೂರ್ಯ ಮುಳುಗಿದರೆ ಅವರ ಸಬ್ಬತ್ ಶುರು. ಆಮೇಲೆ ಶನಿವಾರ ಕತ್ತಲಾಗುವವರೆಗೆ ಕೆಲಸವೆಲ್ಲ ಬಂದ್. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವುದರಿಂದ ಶಾಲೆಗೆ ಅರ್ಧ ದಿನ.

‘ಇವರಿಗೂ ಶುಕ್ರವಾರ ವಿಶೇಷವಾ?’ ಎಂದು ಅತ್ತೆಗೆ ಅಲ್ಲೇ ಅರ್ಧ ಸಂತೋಷ.

ಉಳಿದರ್ಧ ಸ್ಟಾಫ್ ರೂಮಿನಲ್ಲಿ ಆಯಿತು. ಅಲ್ಲಿ ಎರಡು ಸಿಂಕು, ಎರಡು ಜೊತೆ ಪಾತ್ರೆ. ಹಾಲು ಮೊಸರಿನದೇ ಬೇರೆ, ಮಾಂಸದ್ದೇ ಬೇರೆ, ಒಂದಕ್ಕೊಂದು ತಾಗುವಂತಿಲ್ಲ. ನಾನು ಮೊಸರನ್ನ ತಂದರೂ ಹಾಲಿನ ಕಡೆಯ ಮೇಜಿನಲ್ಲೇ ತಿನ್ನಬೇಕು. ಅತ್ತೆ ಕಣ್ಣರಳಿಸಿ ನೋಡಿದರು. ‘ಮಾಂಸ ತಿಂದೂ ಇಷ್ಟು ಮಡೀನೇನೇ? ನಿಮ್ಮನೇಲಿ ಎಲ್ಲಾ ಒಂದೇ ಸ್ಪಂಜಲ್ಲಿ ಉಜ್ಜ್ತೀಯ’ ಎಂದರು.

ಮುಂಬಾಗಿಲಿನ ಹತ್ತಿರ ಅತ್ತೆಗೆ ಇನ್ನೊಂದು ಕಂಡಿತು. ಚೌಕಟ್ಟಿನ ಮೇಲೆ ಬೆರಳುದ್ದದ ಒಂದು ಡಬ್ಬಿ, ಓರೆಯಾಗಿ ಕೂರಿಸಿದ್ದು. ಅದಕ್ಕೆ ಮೆಝೂಜಾ ಎನ್ನುತ್ತಾರೆ, ಒಳಗೆ ಅವರ ಧರ್ಮಗ್ರಂಥದ ಸಾಲುಗಳ ಪುಟ್ಟ ಸುರುಳಿ ಇರುತ್ತದೆ. ಒಳಗೆ ಬರುವಾಗ ಕೆಲವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಮಿರಿಯಮ್ ಹಾಗೆ ಮಾಡಿದ್ದನ್ನು ಅತ್ತೆ ನೋಡಿದರು. ‘ಬಾಗಿಲಿಗೆ ಮರ್ಯಾದೆ ಕೊಡೋ ಜನ’ ಎಂದು ತೀರ್ಮಾನಿಸಿದರು. ಆಮೇಲೆ ಕೆಳಗೆ ನೋಡಿದರು.

ಕೆಳಗೆ ಹೊಸ್ತಿಲು ಬೋಳಾಗಿತ್ತು.

ನನಗೆ ಇದೊಂದೂ ಗೊತ್ತಿಲ್ಲ. ನಾನು ಬಾಯ್ಲರಿನವನ ಜೊತೆ ನೆಲಮಾಳಿಗೆಯಲ್ಲಿ ಅಳತೆ ಹಿಡಿಯುತ್ತಿದ್ದೆ. ಒಂದು ಗಂಟೆಗೆ ಮೇಲೆ ಬಂದರೆ, ಮುಂಬಾಗಿಲಲ್ಲಿ ನೂರು ಚಿಲ್ಲರೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ಹಾರುತ್ತಿದ್ದರು. ಬ್ಯಾಗು ಬೆನ್ನಿಗೇರಿಸಿ, ಓಡಿ ಬಂದು, ಛಂಗನೆ ಜಿಗಿದು ಆಚೆ ಬೀಳುವುದು. ಪಕ್ಕದಲ್ಲಿ ನಮ್ಮತ್ತೆ, ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು ತೊಟ್ಟು, ಟ್ರಾಫಿಕ್ ಪೊಲೀಸಿನಂತೆ ಕೈ ಎತ್ತಿ ನಿಂತಿದ್ದರು.

‘ನೋ ಫುಟ್! ನೋ ಫುಟ್! ಜಂಪ್, ಪುಟ್ಟಾ, ಜಂಪ್!’

ಗಣಿತದ ಮೇಷ್ಟ್ರೂ ಹಾರಿದರು. ಹೊರಗೆ ಮಿನಿವ್ಯಾನ್‌ಗಳಲ್ಲಿ ಕಾಯುತ್ತಿದ್ದ ತಾಯಂದಿರು ಗಾಜು ಇಳಿಸಿ ನೋಡುತ್ತಿದ್ದರು.

ನಾಲ್ಕಡಿ ಅಗಲದ ಸುಣ್ಣಕಲ್ಲಿನ ಹೊಸ್ತಿಲು. ಈ ತುದಿಯಿಂದ ಆ ತುದಿಗೆ ಅರಿಶಿನ. ನಡುನಡುವೆ ಐದು ಕುಂಕುಮದ ಬೊಟ್ಟು.

‘ಅತ್ತೆ! ಏನ್ ಮಾಡಿದೀರಾ ಇದು?’

‘ಶುಕ್ರವಾರ ಅಲ್ವೇನೇ? ನಿನ್ ಕೆಲಸ ಗಟ್ಟಿಯಾಗ್ಲಿ ಅಂತ ಹಚ್ದೆ. ದೇವಸ್ಥಾನದಲ್ಲಿ ಕೊಟ್ಟಿದ್ದ ಪೊಟ್ಟಣ ಬ್ಯಾಗಲ್ಲೇ ಇತ್ತು. ನೋಡು, ಎಷ್ಟು ಲಕ್ಷಣವಾಗಿದೆ!’

ಲಕ್ಷಣವಾಗಿಯೇ ಇತ್ತು. ನನ್ನ ಸಂಕಟ ಅದೇ.

‘ಆ ಡಬ್ಬೀಗೂ ಹಚ್ಚಿದ್ರಾ?’

‘ಛೆ ಛೆ! ಅದು ಅವರ ದೇವರದ್ದಲ್ವೇ, ಮುಟ್ಟಬಾರ್ದು. ಹೊಸ್ತಿಲು ಎಲ್ಲಾರ್ದೂ.’

ಒದ್ದೆ ಟಿಶ್ಯೂ ತಂದು ಉಜ್ಜಿದೆ. ಹಳದಿ ಇನ್ನೂ ಎರಡಿಂಚು ಹರಡಿತು. ಸುಣ್ಣಕಲ್ಲು ಬಾಯಾರಿದವರ ಹಾಗೆ ಅರಿಶಿನ ಕುಡಿದಿತ್ತು. ಸೋಪು ತರೋಣವೆಂದರೆ ಎದುರಿಗೇ ನೋಟಿಸು. ‘ಕಲ್ಲಿನ ಮೇಲೆ ಸೋಪು, ಬ್ಲೀಚು, ಬ್ರಷ್ಷು ಕಟ್ಟುನಿಟ್ಟಾಗಿ ನಿಷೇಧ. ಕಮಿಟಿಯ ಅಪ್ಪಣೆಯಿಲ್ಲದೆ ಯಾವುದೇ ಬಣ್ಣ ಹಚ್ಚುವುದೂ ತೆಗೆಯುವುದೂ ಅಪರಾಧ.’ ಟೈಪ್ ಮಾಡಿ ಅಂಟಿಸಿದವಳು ನಾನೇ. ಅಷ್ಟರಲ್ಲಿ ಗೇಟು ಹಾಕುವ ಹೊತ್ತಾಯಿತು. ಸಬ್ಬತ್, ಆಮೇಲೆ ಭಾನುವಾರದ ರಜೆ, ಇನ್ನು ಸೋಮವಾರದವರೆಗೆ ಯಾರೂ ಒಳಗೆ ಬರುವಂತಿಲ್ಲ.

ಕಾರಿನಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಹೈವೇ ಬಿಟ್ಟು ನಮ್ಮ ಮನೆಯ ಕಡೆ ತಿರುಗುವಷ್ಟರಲ್ಲಿ ‘ಇದೇನು ನಿಮ್ಮ ಮೈಸೂರಿನ ಮನೆ ಅಂದ್ಕೊಂಡ್ರಾ? ನಿಮ್ಮಿಂದ ನನ್ನ ಕೆಲಸ ಹೋಗತ್ತೆ, ಗೊತ್ತಾ?’ ಎಂದುಬಿಟ್ಟೆ. ಅತ್ತೆ ಕಿಟಕಿಯ ಕಡೆ ತಿರುಗಿದರು. ಮನೆಗೆ ಬಂದು ತಮ್ಮ ಅರಿಶಿನದ ಭರಣಿಯನ್ನು ತಮಗೇ ಕೈಗೆಟುಕದ ಮೇಲಿನ ಶೆಲ್ಫಿಗೆ, ಸ್ಟೂಲ್ ಹಾಕಿಕೊಂಡು, ಎತ್ತಿಟ್ಟರು.

ಶನಿವಾರ, ಭಾನುವಾರ ಎರಡು ದಿನವೂ ಅದೇ ಮುನಿಸು. ಊಟ ಬೇಡ, ಬರೀ ಮಜ್ಜಿಗೆ. ನನ್ನ ಮಗಳೊಬ್ಬಳು ಬಂದು ‘ಮಾಮ್, ಯು ಮೇಡ್ ಅಜ್ಜಿ ಕ್ರೈ’ ಎಂದಳು. ಇನ್ನೊಬ್ಬಳು ದುರುಗುಟ್ಟಿ ನೋಡಿದಳು. ರಘು ಫೋನ್ ಮಾಡಿ ‘ಒಂದು ಪೋಸ್ಟಿಗೆ ಕಾರಿಡಾರ್ ತುಂಬಾ ಜನ ಇದ್ರು, ತಿಳಿಸ್ತೀವಿ ಅಂದ್ರು’ ಎಂದರು. (ಇವತ್ತಿನವರೆಗೆ ತಿಳಿಸಿಲ್ಲ.) ನನಗೆ ನಾಚಿಕೆಯಾಗಿತ್ತು, ಆದರೆ ಕ್ಷಮೆ ಕೇಳಲು ಸಿಟ್ಟು ಬಿಡುತ್ತಿರಲಿಲ್ಲ. ನಿಮಗೆ ಹೀಗಾಗಿಲ್ಲವೇ? ತಪ್ಪು ನಮ್ಮದೆಂದು ಗೊತ್ತಾದಷ್ಟೂ ಮುಖ ಊದುತ್ತದೆ.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಹೆರಾಲ್ಡ್ ಬಂದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರಾದ ಮೇಷ್ಟ್ರು. ಕುತ್ತಿಗೆಯಲ್ಲಿ ಭೂತಗನ್ನಡಿ, ಮಂಡಿಗೆ ಮೆತ್ತೆ. ನಾನೂ, ಅಷ್ಟರಲ್ಲಿ ವಿಷಯ ತಿಳಿದಿದ್ದ ಮಿರಿಯಮ್ಮೂ ಸೇರಿ ಅವರನ್ನು ಹಿತ್ತಿಲ ಗೋಡೆಯ ಕಡೆಗೆ ಸಾಗಿಸಲು ನೋಡಿದೆವು. ಆದರೆ ಅದು ಮಕ್ಕಳು ಬರುವ ಹೊತ್ತು. ಎರಡು ದಿನ ಕಳೆದರೂ ಒಂದು ಮಗುವೂ ಅತ್ತೆಯ ಪಾಠ ಮರೆತಿರಲಿಲ್ಲ. ಎಲ್ಲರೂ ಹಾರಿಯೇ ಒಳಗೆ ಬಂದರು.

‘ಯಾಕೆ ಹಾರ್ತಿದಾರೆ?’ ಎಂದರು ಹೆರಾಲ್ಡ್. ಕೆಳಗೆ ನೋಡಿದರು. ಮಂಡಿಯೂರಿದರು.

ಅರ್ಧ ಗಂಟೆ ಏಳಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರು, ಮೆತ್ತನೆ ಬ್ರಷ್ಷಿನಲ್ಲಿ ಸವರಿದರು, ಫೋಟೋ ತೆಗೆದರು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು.

‘ಇದು ಮೂಲ ಬಣ್ಣ! ಸಾಹುಕಾರನ ಹೆಂಡತಿಗೆ ಪೂರ್ವದೇಶಗಳ ಹುಚ್ಚಿತ್ತು ಅಂತ ಓದಿದೀನಿ. ಮೇಲಿನ ಕೊಳೆ ಹೋಗಿ ಈಗ ಕಾಣಿಸ್ಕೊಂಡಿದೆ. ಇದನ್ನ ಆಕೆ ತನ್ನ ಕೈಯಾರೆ ಹಚ್ಚಿರ್ಬೇಕು. ಬೆರಳಿನ ಗೆರೆ ನೋಡಿ! ಇಷ್ಟು ಚೆನ್ನಾಗಿ ಕಾಪಾಡಿದೀರಲ್ಲ, ನಿಮಗೆ ಒಂದು ತೂತು ಕೊಡೋದೇನು ದೊಡ್ಡದು!’

ಮಿರಿಯಮ್ ನನ್ನ ಮುಖ ನೋಡಿದರು. ನಾನು ಅವರದು ನೋಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ತೂತು, ಬಾಯ್ಲರು, ಕೆಲಸ, ನಾಲ್ಕು ಜನದ ಇನ್ಷೂರೆನ್ಸು, ಎಲ್ಲ ಒಟ್ಟಿಗೆ. ಸುಳ್ಳನ್ನೂ ಹೇಳಬೇಕಿರಲಿಲ್ಲ, ಸುಮ್ಮನಿದ್ದರಾಯಿತು.

ನಾನು ಸುಮ್ಮನಿರಲಿಲ್ಲ. ಸತ್ಯಸಂಧತೆ ಎಂದುಕೊಳ್ಳಬೇಡಿ, ಅಷ್ಟು ದೊಡ್ಡವಳಲ್ಲ ನಾನು. ಹೊಟ್ಟೆ ಉರಿಯಿತು. ನಮ್ಮತ್ತೆ ನನ್ನ ಕೆಲಸ ಉಳಿಯಲಿ ಎಂದು, ಆ ಚಳಿಯಲ್ಲಿ ಬಗ್ಗಿ ಹಚ್ಚಿದ ಅರಿಶಿನ. ಅದಕ್ಕೆ ನನ್ನಿಂದ ಬೈಸಿಕೊಂಡಿದ್ದು ಅವರು, ಎರಡು ದಿನ ಮಜ್ಜಿಗೆ ಕುಡಿದಿದ್ದು ಅವರು. ಹೆಸರು ಮಾತ್ರ ಆ ಸಾಹುಕಾರ್ತಿಗೆ ಹೋಗಬೇಕೇ? ನಮ್ಮಂಥವರಿಗೆ ಮನೆ ಮಾರಬಾರದು ಎಂದು ಬರೆಸಿದವನ ಹೆಂಡತಿಗೆ?

‘ಸರ್, ಅದು ಅರಿಶಿನ’ ಎಂದೆ. ‘ಸಾಂಬಾರಿಗೆ ಹಾಕೋದು. ಶುಕ್ರವಾರ ನಮ್ಮತ್ತೆ ಹಚ್ಚಿದ್ದು.’

ಹೆರಾಲ್ಡ್ ಬೆರಳಿಂದ ಮುಟ್ಟಿ, ಮೂಸಿ ನೋಡಿದರು. ಮುಖ ಬಾಡಿತು. ಒಂದು ನಿಮಿಷ ನನಗೆ ಅವರ ಬಗ್ಗೆಯೇ ಪಾಪ ಅನ್ನಿಸಿತು. ನಂತರ ಎದ್ದು, ಮಂಡಿ ಕೊಡವಿಕೊಂಡು, ಇತಿಹಾಸದ ಮೇಷ್ಟ್ರಿನಿಂದ ಇನ್‌ಸ್ಪೆಕ್ಟರ್ ಆದರು.

‘ಹಾಗಾದ್ರೆ ಇದು ಅನಧಿಕೃತ ಬದಲಾವಣೆ. ತೆಗೀಬೇಕು.’

‘ಈಗಲೇ ತೆಗೀತೀನಿ.’

‘ಮುಟ್ಟಬೇಡಿ!’ ಕಿರುಚಿದರು. ‘ತೆಗೆಯೋದೂ ಬದಲಾವಣೆಯೇ. ಅದಕ್ಕೆ ಬೇರೆ ಅರ್ಜಿ. ಕಮಿಟಿ ವಿಚಾರಣೆ ಮಾಡೋವರೆಗೂ ಇದು ಹೀಗೇ ಇರ್ಬೇಕು. ಯಾರೂ ತುಳೀಬಾರ್ದು.’

ಯಾರೂ ತುಳಿಯಬಾರದು! ಅತ್ತೆ ಕೇಳಿದ್ದೂ ಅಷ್ಟೇ ತಾನೆ? ಇಂಗ್ಲಿಷು ಸ್ವಲ್ಪ ಬೇರೆಯಿತ್ತು.

ಬಾಯ್ಲರಿನ ತೂತು? ಹೆರಾಲ್ಡ್‌ಗೆ ಈಗ ಅದರ ಮೇಲೆ ಆಸಕ್ತಿಯೇ ಉಳಿದಿರಲಿಲ್ಲ. ನಿಂತಲ್ಲೇ ಫಾರ್ಮು ಇಸಿದುಕೊಂಡು, ‘ಅದು ಹಿತ್ತಿಲ ಗೋಡೆ ಅಲ್ವಾ, ಹೋಗ್ಲಿ’ ಎಂದು ಸಹಿ ಹಾಕಿ ಹೋದರು. ನಲವತ್ತು ಪುಟದಲ್ಲಿ ಒಂದನ್ನೂ ತಿರುವಲಿಲ್ಲ.

ಅವರ ಕಾರು ಗೇಟು ದಾಟಿದ ಮೇಲೆ ಮಿರಿಯಮ್ ನಕ್ಕರು. ಬಾಗಿಲು ಹಿಡಿದುಕೊಂಡು ನಕ್ಕರು. ಆಮೇಲೆ ಮೆಝೂಜಾ ಕಡೆ ಕೈ ತೋರಿಸಿದರು.

‘ವೀಣಾ, ಈ ಕಡ್ಡಿಪೆಟ್ಟಿಗೆಯಷ್ಟು ಡಬ್ಬಿಗೆ ಎರಡು ಸ್ಕ್ರೂ ಹೊಡೆಯೋಕೆ ನಮಗೆ ಹದಿನಾಲ್ಕು ತಿಂಗಳು ಬೇಕಾಯ್ತು. ಮೂರು ವಿಚಾರಣೆ, ಇಬ್ಬರು ಲಾಯರು. ನಿಮ್ಮತ್ತೆಗೆ ಎಷ್ಟು ಹೊತ್ತು ಹಿಡೀತು?’

‘ಹತ್ತು ನಿಮಿಷ ಇರ್ಬೇಕು.’

‘ಅವರು ಮೊದಲೇ ಬರ್ಬೇಕಿತ್ತು’ ಎಂದರು. ‘ನಿಮ್ಮನ್ನ ನಾನು ಹೇಗೆ ಬಿಡ್ಲಿ? ಅರಿಶಿನ ತೆಗೆಯೋ ಅರ್ಜಿ ಬರೆಯೋಕೆ ಇಡೀ ಮಿಶಿಗನ್‌ನಲ್ಲಿ ಇನ್ಯಾರಿಗೆ ಬರತ್ತೆ?’

ಅಂದು ಮಧ್ಯಾಹ್ನ ಮನೆಗೆ ಬಂದವಳೇ ಸ್ಟೂಲ್ ಹಾಕಿಕೊಂಡು ಭರಣಿಯನ್ನು ಕೆಳಗಿಳಿಸಿದೆ. ಅತ್ತೆಯ ಮುಂದಿಟ್ಟು ‘ತಪ್ಪಾಯ್ತು ಅತ್ತೆ’ ಎಂದೆ. ಅವರು ಭರಣಿಯ ಮುಚ್ಚಳ ತೆಗೆದು ನೋಡಿ, ‘ಮುಗೀತಾ ಬಂದಿದೆ, ತರಬೇಕು’ ಎಂದರು. ನಮ್ಮ ಮನೆಯಲ್ಲಿ ಕ್ಷಮೆ ಹೀಗೆ ಸಿಗುತ್ತದೆ.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡರೆ ನಿಮಗೆ ಕಮಿಟಿಗಳ ಪರಿಚಯವಿಲ್ಲ.

ಮಾರ್ಚಿನಲ್ಲಿ ವಿಚಾರಣೆಯಾಯಿತು. ಒಂದು ಮೂಲೆಯಲ್ಲಿ ತೊಳೆದು ಪರೀಕ್ಷೆ ಮಾಡಿದರು. ಅರಿಶಿನದ ಜೊತೆ ಕಲ್ಲೂ ಪುಡಿಯಾಗಿ ಉದುರಿತು. ಕಲ್ಲಿಗೆ ಹಾನಿಯಾಗುವುದರಿಂದ ತೆಗೆಯಕೂಡದು, ಹೊಸ್ತಿಲನ್ನು ಇರುವ ಸ್ಥಿತಿಯಲ್ಲೇ ಕಾಪಾಡತಕ್ಕದ್ದು ಎಂದು ತೀರ್ಪಾಯಿತು.

ಆದರೆ ಅರಿಶಿನಕ್ಕೆ ಕಮಿಟಿಯ ತೀರ್ಪು ತಿಳಿಯುವುದೇ? ಏಪ್ರಿಲ್ ಬಿಸಿಲಿಗೆ ಮಾಸತೊಡಗಿತು. ತಿಂಗಳ ಕೊನೆಗೆ ಹೆರಾಲ್ಡ್ ಅವರಿಂದ ಕಾಗದ ಬಂತು. ಹೊಸ್ತಿಲಿನ ಬಣ್ಣ ಶಿಥಿಲವಾಗುತ್ತಿದ್ದು ಶಾಲೆ ನಿರ್ಲಕ್ಷ್ಯ ತೋರುತ್ತಿದೆ. ಅದೇ ಸಾಮಗ್ರಿ, ಅದೇ ವಿಧಾನ ಬಳಸಿ, ಅನುಭವವಿರುವ ನುರಿತ ಕುಶಲಕರ್ಮಿಯಿಂದಲೇ ಪುನರುದ್ಧಾರ ಮಾಡಿಸುವುದು. ಫಾರ್ಮು ಲಗತ್ತಿಸಿದೆ.

ಅಂದೇ ಸಂಜೆ ಅಡುಗೆಮನೆ ಮೇಜಿನ ಮೇಲೆ ಆ ಫಾರ್ಮು ಹರಡಿಕೊಂಡು ಕೂತೆ. ಅತ್ತೆ ಎದುರಿಗೆ ಹುರುಳೀಕಾಯಿ ನಾರು ತೆಗೆಯುತ್ತಿದ್ದರು. ಮುಂದಿನ ತಿಂಗಳು ಅವರು ವಾಪಸು ಹೊರಡುವವರು, ಅಷ್ಟರಲ್ಲಿ ಮಾಡಿಸಬೇಕು. ಸಾಮಗ್ರಿ: ಅರಿಶಿನ, ಕುಂಕುಮ, ದೇವಸ್ಥಾನದ್ದು. ವಿಧಾನ: ಬಲಗೈಯ ಮೂರು ಬೆರಳುಗಳಿಂದ, ಎಡದಿಂದ ಬಲಕ್ಕೆ. ಕುಶಲಕರ್ಮಿಯ ಹೆಸರು: ಬರೆದೆ. ಆಮೇಲೆ ಬಂತು ಅನುಭವದ ಕಾಲಂ.

ಪೆನ್ನು ಅಲ್ಲೇ ನಿಂತಿತು. ಆರು ತಿಂಗಳ ಕೆಳಗೆ ಇದೇ ಮೇಜಿನ ಮೇಲೆ, ಇಂಥದ್ದೇ ಕಾಲಮ್ಮಿನಲ್ಲಿ ‘ಹನ್ನೊಂದು ವರ್ಷ, ಬಾಗಿಲುಗಳು’ ಎಂದು ಎಷ್ಟು ಕಂಪನಿಗಳಿಗೆ ಬರೆದಿದ್ದೆನೋ. ಒಬ್ಬರೂ ಉತ್ತರ ಬರೆದಿರಲಿಲ್ಲ.

‘ಅತ್ತೆ, ನಿಮಗೆ ಇದರಲ್ಲಿ ಎಷ್ಟು ವರ್ಷ ಎಕ್ಸ್‌ಪೀರಿಯೆನ್ಸ್ ಇದೆ ಅಂತ ಕೇಳಿದಾರೆ’ ಎಂದೆ.

ಅತ್ತೆ ಹುರುಳೀಕಾಯಿ ಕೆಳಗಿಟ್ಟರು. ಬೆರಳು ಮಡಿಸಿ ಎಣಿಸಿದರು. ಒಂಬತ್ತನೇ ವಯಸ್ಸಿಗೆ ಅಮ್ಮ ಕಲಿಸಿದ್ದು, ಅಲ್ಲಿಂದ ಶುರು ಮಾಡಿದರು. ನಡುವೆ ಎಲ್ಲೋ ಅನುಮಾನ ಬಂದು ನನ್ನ ಕಡೆ ನೋಡಿದರು.

‘ಕೇಳಿ ನೋಡೇ, ಮದುವೆಗೆ ಮುಂಚಿನ ಸರ್ವೀಸು ಹಿಡೀತಾರಾ?’